11 ದಿನ ನನ್ನ ಕಿವಿಗೆ ಬೀಳದ ಸುದ್ದಿ

ನಮ್ಮ ಡೈರಿಯಲ್ಲಿ ಹಾಲು ಪರೀಕ್ಷೆ ಮಾಡುವ ಹುಡುಗಿ 11 ದಿನ ಒಂದು ವಿಷಯವನ್ನು ನನ್ನಿಂದ ಮುಚ್ಚಿಟ್ಟಿದ್ದಳು. ಅವಳು ಸುಳ್ಳು ಹೇಳುವ ಹುಡುಗಿ ಅಲ್ಲ. ಮಳೆ ಇರಲಿ ಚಳಿ ಇರಲಿ, ಬೆಳಿಗ್ಗೆ ಐದೂವರೆಗೆ ಬಂದು ಬಾಗಿಲು ತೆಗೆಯುವವಳು. ಬೇರೆ ನಾಲ್ಕು ಜನರಿಗೆ ಹೇಳಿದ್ದಳು, ಅಧ್ಯಕ್ಷೆಯಾದ ನನಗೆ ಮಾತ್ರ ಹೇಳಿರಲಿಲ್ಲ. ಯಾಕೆ ಹೇಳಲಿಲ್ಲ ಅನ್ನುವುದು ಗೊತ್ತಾದ ಮೇಲೆ ನಾನು ಕೆಲಸ ಮಾಡುವ ರೀತಿಯೇ ಬದಲಾಯಿತು. ಅದನ್ನು ಬರೆಯಬೇಕು ಅಂತ ತುಂಬಾ ದಿನದಿಂದ ಇತ್ತು.

ಬ್ರಹ್ಮಾವರದಿಂದ ಒಳಗೆ, ಮಂದಾರ್ತಿ ಕಡೆಯ ಊರು ನಮ್ಮದು. ಹೆಂಗಸರೇ ನಡೆಸುವ ಹಾಲು ಉತ್ಪಾದಕರ ಸಹಕಾರ ಸಂಘ. ಅಷ್ಟುದ್ದದ ಹೆಸರು ಊರಲ್ಲಿ ಯಾರೂ ಹೇಳುವುದಿಲ್ಲ, ಡೈರಿ ಅಂದರೆ ಆಯಿತು. ಬೆಳಿಗ್ಗೆ, ಸಂಜೆ ಸುಮಾರು 60 ಮನೆಯ ಹಾಲು ಬರುತ್ತದೆ. ಒಬ್ಬರು 2 ಲೀಟರ್ ತರುತ್ತಾರೆ, ಇನ್ನೊಬ್ಬರು 25 ಲೀಟರ್ ಸ್ಕೂಟರಿಗೆ ಕಟ್ಟಿಕೊಂಡು ಬರುತ್ತಾರೆ. ಆದರೆ ಸಹಕಾರ ಸಂಘದಲ್ಲಿ ಇಬ್ಬರಿಗೂ ಒಂದೊಂದೇ ಮತ. ನನಗೆ ಈ ಒಂದು ನಿಯಮದ ಮೇಲೆ ತುಂಬಾ ಪ್ರೀತಿ.

5 ವರ್ಷಕ್ಕೊಮ್ಮೆ ನಿರ್ದೇಶಕರ ಚುನಾವಣೆ. ಕಳೆದ ಸಲ ಎಲ್ಲ ಸೇರಿ ನನ್ನನ್ನು ಅಧ್ಯಕ್ಷೆ ಮಾಡಿದರು. ಕಾರಣ ಒಂದೇ, ನಾನು ಗಟ್ಟಿ ಮಾತಾಡುತ್ತೇನೆ. ನಮ್ಮ ರಸ್ತೆಯ ಮೋರಿ ಕುಸಿದು ಹಾಲಿನ ವ್ಯಾನ್ ಬರುವುದು ನಿಂತಾಗ ಪಂಚಾಯತಿಗೆ ಹೋಗಿ ಕುಳಿತು ಕೆಲಸ ಮಾಡಿಸಿದ್ದು ನಾನು. "ನೀ ಇದ್ರೆ ಡೈರಿ ಕೆಲಸ ಎಲ್ಲ ಆತ್ತ್" ಅಂದರು. ನಾನೂ ಹಾಗೇ ನಂಬಿದೆ. ಮುಂದೆ ನಿಲ್ಲುವವರು ಅಂದರೆ ಎಲ್ಲರಿಗಿಂತ ಮೊದಲು ಉತ್ತರ ಗೊತ್ತಿರುವವರು, ಯಾರು ಏನು ಕೇಳಿದರೂ ತಡವರಿಸದೆ ಹೇಳುವವರು, ತಪ್ಪು ಕಂಡರೆ ಅಲ್ಲೇ ಬೈದು ಸರಿ ಮಾಡುವವರು ಅಂತ ನನ್ನ ತಲೆಯಲ್ಲಿತ್ತು.

ಮೊದಲ ಆರು ತಿಂಗಳು ಕೆಲಸ ಚೆನ್ನಾಗಿಯೇ ಆಯಿತು. ಸೋರುವ ಶೀಟ್ ಬದಲಿಸಿದೆವು. ಮುಂದಿನ ಅಂಗಳಕ್ಕೆ ಇಂಟರ್‌ಲಾಕ್ ಹಾಕಿಸಿದೆವು. ಹಾಲು ತರುವ ಸಮಯ ಕಟ್ಟುನಿಟ್ಟು ಮಾಡಿದೆವು. ಅದೇ ಸಮಯದಲ್ಲಿ ಒಂದು ಬೆಳಿಗ್ಗೆ ಸ್ಯಾಂಪಲ್ ಬಾಟಲಿ ಸರಿಯಾಗಿ ತೊಳೆದಿಲ್ಲ ಅಂತ ಆ ಹುಡುಗಿಗೆ ಸಾಲಿನಲ್ಲಿ ನಿಂತವರ ಎದುರೇ ಜೋರು ಮಾಡಿದೆ. ಅವಳು ಏನೂ ಹೇಳಲಿಲ್ಲ. ತಲೆ ತಗ್ಗಿಸಿ ಎಲ್ಲ ಬಾಟಲಿಗಳನ್ನೂ ಪುನಃ ತೊಳೆದಳು. ನಾನು ಅದನ್ನು ಅವತ್ತೇ ಮರೆತೆ. ಇನ್ನೊಂದು ದಿನ ಹಾಲು ಪರೀಕ್ಷೆಯ ಯಂತ್ರ ತೊಳೆಯುವ ದ್ರಾವಣ ಮುಗಿದಿದೆ, ತರಿಸಬೇಕು ಅಂತ ಚೀಟಿ ಹಿಡಿದುಕೊಂಡು ಬಂದಳು. ತಿಂಗಳ ಕೊನೆ, ಖರ್ಚು ಜಾಸ್ತಿ ಆಗಿತ್ತು. "ಸದ್ಯಕ್ಕೆ ಬಿಸಿ ನೀರಲ್ಲಿ ತೊಳಿ, ಸಾಕು" ಅಂದೆ.

ಆಸಾಡಿ ಮಳೆ ಹಿಡಿಯಿತು. ಒಂದು ದಿನ ಅತ್ತೆ ನಮ್ಮ ಮನೆಯ ಹಾಲಿನ ಕಾರ್ಡ್ ಹಿಡಿದುಕೊಂಡು, "ನಮ್ಮ ಕೆಂಪು ಜರ್ಸಿಯ ಹಾಲಿಗೆ 3.5 ಫ್ಯಾಟ್ ಯಾವತ್ತಾದರೂ ಬಂದದ್ದುಂಟಾ? 4 ಕ್ಕಿಂತ ಕಡಿಮೆ ಆದದ್ದೇ ಇಲ್ಲ" ಅಂದರು. ಫ್ಯಾಟ್ ಅಂದರೆ ಹಾಲಿನಲ್ಲಿ ಕೊಬ್ಬು ಶೇಕಡಾ ಎಷ್ಟು ಅನ್ನುವ ಲೆಕ್ಕ. ಮಳೆಗಾಲ, ಹಸಿ ಹುಲ್ಲು ಜಾಸ್ತಿ, ಬೈಹುಲ್ಲು ಕಡಿಮೆ, ಫ್ಯಾಟ್ ಇಳಿಯುತ್ತದೆ ಅಂದೆ. ಈ ಮಾತು ಸುಳ್ಳಲ್ಲ. ನಾರಿನಂಶ ಇರುವ ಒಣ ಮೇವು ಕಡಿಮೆಯಾದರೆ ದನದ ಹಾಲಿನ ಕೊಬ್ಬು ಇಳಿಯುವುದು ನಿಜ. ಕರುವಿಗೆ ಕೊನೆಯ ಹಾಲು ಬಿಟ್ಟರೂ ಇಳಿಯುತ್ತದೆ, ಯಾಕೆಂದರೆ ಕರೆಯುವಾಗ ಕೊನೆಗೆ ಬರುವ ಹಾಲಿನಲ್ಲೇ ಕೊಬ್ಬು ಜಾಸ್ತಿ. ಇಷ್ಟೆಲ್ಲ ನನಗೆ ಗೊತ್ತಿತ್ತು. ಡೈರಿಯಲ್ಲಿ ಒಬ್ಬಿಬ್ಬರು ಕೇಳಿದಾಗಲೂ ಇದನ್ನೇ ಹೇಳಿದೆ. ಅವರು ತಲೆಯಾಡಿಸಿ ಹೋದರು. ಒಪ್ಪಿದರು ಅಂದುಕೊಂಡೆ. ಅಷ್ಟರಲ್ಲಿ ಎರಡು ಮನೆಯವರು ಹಾಲನ್ನು ಪೇಟೆಯ ಹೋಟೆಲಿಗೆ ಕೊಡಲು ಶುರು ಮಾಡಿದ್ದರು. ಅದೂ ನನಗೆ ಗೊತ್ತಿರಲಿಲ್ಲ.

ವಿಷಯ ಗೊತ್ತಾದದ್ದು ಸುಮ್ನೆ ಬೇರೇನೋ ಹುಡುಕುವಾಗ. ಒಂದು ಹಳೆ ಬಿಲ್ಲಿಗಾಗಿ ಕಡತ ತೆಗೆದಿದ್ದೆ. ಅದರಲ್ಲಿ ನಮ್ಮ ಸಂಘದ ಹಾಲು ತೆಗೆದುಕೊಳ್ಳುವ ಒಕ್ಕೂಟದಿಂದ ಬರುವ ಚೀಟಿಗಳಿದ್ದವು. ನಾವು ಮನೆ ಮನೆಯ ಹಾಲನ್ನು ಬೇರೆ ಬೇರೆ ಪರೀಕ್ಷೆ ಮಾಡಿ, ಅದರ ಮೇಲೆ ಪ್ರತಿಯೊಬ್ಬರಿಗೂ ದರ ಕಟ್ಟುತ್ತೇವೆ. ಆಮೇಲೆ ಎಲ್ಲರ ಹಾಲೂ ಒಟ್ಟಾಗಿ ಒಕ್ಕೂಟಕ್ಕೆ ಹೋಗುತ್ತದೆ, ಅಲ್ಲಿ ಪುನಃ ಪರೀಕ್ಷೆ ಮಾಡಿ ಸಂಘಕ್ಕೆ ದುಡ್ಡು ಕೊಡುತ್ತಾರೆ. ಎರಡೂ ಕಡೆಯ ಫ್ಯಾಟ್ ಹತ್ತಿರ ಹತ್ತಿರ ಇರಬೇಕು. ಚೀಟಿ ನೋಡಿದರೆ ನಮ್ಮ ಸರಾಸರಿ 3.5, ಅಲ್ಲಿ ಬಂದದ್ದು 3.9, 4.0. ಒಂದು ದಿನ ಆಗಿದ್ದರೆ ಹೋಗಲಿ ಅನ್ನಬಹುದಿತ್ತು. ಹಿಂದಕ್ಕೆ ಹಿಂದಕ್ಕೆ ತಿರುಗಿಸುತ್ತಾ ಹೋದೆ, 11 ದಿನ ಸಾಲಾಗಿ ಹಾಗೇ ಇತ್ತು.

ಅಂದರೆ ನಮ್ಮ ಯಂತ್ರ ಎಲ್ಲರ ಹಾಲನ್ನೂ ಕಡಿಮೆ ತೋರಿಸುತ್ತಿತ್ತು. ಪ್ರತಿ ಲೀಟರಿಗೂ ಆ ಹೆಂಗಸರ ದುಡ್ಡು ಸಂಘದಲ್ಲಿ ಉಳಿಯುತ್ತಿತ್ತು. ನಾನು ಅವರ ಎದುರು ನಿಂತು ಹಸಿ ಹುಲ್ಲಿನ ಪಾಠ ಹೇಳುತ್ತಿದ್ದೆ.

ಸಂಜೆ ಹುಡುಗಿಯನ್ನು ಒಳಗೆ ಕರೆದು ಚೀಟಿ ತೋರಿಸಿದೆ. ಅವಳ ಕಣ್ಣಲ್ಲಿ ನೀರು ಬಂತು. ಮೊದಲ ದಿನವೇ ಅವಳಿಗೆ ಅನುಮಾನ ಬಂದಿತ್ತಂತೆ. ಒಂದೇ ಹಾಲನ್ನು ಎರಡು ಸಲ ಹಾಕಿ ನೋಡಿದರೆ ಎರಡು ಲೆಕ್ಕ ಬಂತಂತೆ. ಗುಮಾಸ್ತೆಗೆ ಹೇಳಿದ್ದಳು, ಇಬ್ಬರು ನಿರ್ದೇಶಕಿಯರಿಗೆ ಹೇಳಿದ್ದಳು, ಅವಳ ಅಮ್ಮನಿಗೂ ಹೇಳಿದ್ದಳು. ಎಲ್ಲರೂ ಹೇಳಿದ್ದು ಒಂದೇ, ಸರ್ವಿಸಿನವರು ಬರಲಿ, ಅಧ್ಯಕ್ಷರ ಹತ್ತಿರ ಈಗ ಹೇಳುವುದು ಬೇಡ. "ನಂಗೆ ಎಂತಕೆ ಹೇಳ್ಲಿಲ್ಲ ನೀನು?" ಅಂತ ಕೇಳಿದೆ.

"ಹೇಳೂಕೆ ಹೆದ್ರಿಕಿ ಆಯ್ತಕ್ಕ" ಅಂದಳು. "ನೀವ್ ಎಲ್ಲರ ಎದ್ರಿಗೆ ಬೈತ್ರಿ."

ನನಗೆ ಆಗ ತಕ್ಷಣ ಬಂದದ್ದು ಸಿಟ್ಟೇ. ನಾನು ಹಾಗೆ ಬೈಯುವವಳಲ್ಲ ಅಂತ ಹೇಳಲು ಬಾಯಿ ತೆರೆದೆ. ಎದುರಿಗೆ ಕಪಾಟಿನ ಮೇಲೆ ತೊಳೆದು ಬೋರಲು ಹಾಕಿದ ಸ್ಯಾಂಪಲ್ ಬಾಟಲಿಗಳ ಸಾಲು ಕಂಡಿತು. ಬಾಯಿ ಮುಚ್ಚಿದೆ.

ಯಂತ್ರ ಸರಿ ಇಲ್ಲ ಅನ್ನುವುದನ್ನು ಖಾತ್ರಿ ಮಾಡಿಕೊಳ್ಳಬೇಕಿತ್ತು. ಹಿಂದೆ ಕಾರ್ಯದರ್ಶಿಯಾಗಿದ್ದ ಹಿರಿಯ ಅಕ್ಕನೊಬ್ಬರನ್ನು ಮರುದಿನ ಕರೆಸಿದೆವು. ಯಂತ್ರ ಬರುವ ಮೊದಲು ಎಲ್ಲ ಡೈರಿಗಳಲ್ಲಿ ಗರ್ಬರ್ ವಿಧಾನದಲ್ಲೇ ಫ್ಯಾಟ್ ನೋಡುತ್ತಿದ್ದರು, ಅವರಿಗೆ ಅದು ಬಾಯಿಪಾಠ. ಕಪಾಟಿನ ಹಿಂದಿದ್ದ ಗಾಜಿನ ಬ್ಯುಟಿರೋಮೀಟರ್‌ಗಳನ್ನು ತೆಗೆದು ತೊಳೆದು ಒಣಗಿಸಿದರು. ಒಂದು ಬದಿ ದಪ್ಪ ಹೊಟ್ಟೆ, ಇನ್ನೊಂದು ಬದಿ ಸಪೂರ ಕುತ್ತಿಗೆ, ಕುತ್ತಿಗೆಯ ಮೇಲೆ ಗೆರೆಗಳು. ಮೊದಲು 10 ಎಂಎಲ್ ಸಲ್ಫ್ಯೂರಿಕ್ ಆಸಿಡ್. ಅದರ ಮೇಲೆ ಗಾಜಿನ ಗೋಡೆಗೆ ತಾಗುವ ಹಾಗೆ ನಿಧಾನಕ್ಕೆ 10.75 ಎಂಎಲ್ ಹಾಲು, ಒಮ್ಮೆಲೇ ಸುರಿದರೆ ಹಾಲು ಸುಟ್ಟು ಕಪ್ಪಾಗುತ್ತದೆ. ಮತ್ತೆ 1 ಎಂಎಲ್ ಅಮೈಲ್ ಆಲ್ಕೋಹಾಲ್. ರಬ್ಬರ್ ಬಿರಡೆ ಹಾಕಿ, ಬಟ್ಟೆಯಲ್ಲಿ ಸುತ್ತಿ ಅಲ್ಲಾಡಿಸಬೇಕು, ಕೈ ಸುಡುವಷ್ಟು ಬಿಸಿಯಾಗುತ್ತದೆ. ಬಿಳಿ ಹಾಲು ಕಣ್ಣೆದುರೇ ಕಾಫಿ ಕಷಾಯದ ಬಣ್ಣಕ್ಕೆ ತಿರುಗಿತು. ತಿರುಗಿಸುವ ಯಂತ್ರದಲ್ಲಿ ಐದು ನಿಮಿಷ ತಿರುಗಿಸಿ ತೆಗೆದಾಗ ಸಪೂರ ಕುತ್ತಿಗೆಯಲ್ಲಿ ತಿಳಿ ಹಳದಿ ಕೊಬ್ಬು ಬೇರೆಯಾಗಿ ನಿಂತಿತ್ತು. ಅಕ್ಕ ಅದನ್ನು ಕಣ್ಣಿನ ಮಟ್ಟಕ್ಕೆ ಹಿಡಿದು ಗೆರೆ ಎಣಿಸಿದರು. 4.1. ನಮ್ಮ ಮನೆಯದೇ ಹಾಲು ಅದು, ಯಂತ್ರದಲ್ಲಿ 3.6 ಬಂದಿತ್ತು.

ದ್ರಾವಣ ಹಾಕಿ ತೊಳೆಯದೆ ಯಂತ್ರದ ಒಳಗೆ ಹಾಲಿನ ಪಸೆ ಗಟ್ಟಿಯಾಗಿ ಕೂತಿತ್ತು. ಬಿಸಿ ನೀರಲ್ಲಿ ತೊಳಿ ಸಾಕು ಅಂದವಳು ನಾನು.

ಮಂಗಳೂರಿನವರಿಗೆ, ಉಡುಪಿಯವರಿಗೆ 2010ರ ಮೇ 22 ಮರೆಯುವ ದಿನ ಅಲ್ಲ. ದುಬೈಯಿಂದ ಬಂದ ವಿಮಾನ ಬೆಳಿಗ್ಗೆ ಬಜ್ಪೆಯ ಗುಡ್ಡದ ಮೇಲಿನ ರನ್‌ವೇ ದಾಟಿ ಕಣಿವೆಗೆ ಬಿದ್ದು 158 ಜನ ತೀರಿಹೋದರು, ಬದುಕಿದ್ದು 8 ಜನ ಮಾತ್ರ. ನಮ್ಮೆರಡು ಜಿಲ್ಲೆಯಲ್ಲಿ ಆ ದಿನದ ನೋವು ತಾಗದ ಊರು ಕಡಿಮೆ. ಮುಂದೆ ತನಿಖೆಯ ವರದಿ ಬಂದಾಗ ಪೇಪರಿನಲ್ಲಿ ಓದಿದ ಒಂದು ಮಾತು ನನ್ನ ಮನಸ್ಸಿನಿಂದ ಹೋಗಿಲ್ಲ. ಇಳಿಯುವುದು ಬೇಡ, ಮೇಲೆ ಹೋಗಿ ಒಂದು ಸುತ್ತು ಹಾಕಿ ಬರುವ ಅಂತ ಪಕ್ಕದಲ್ಲಿದ್ದ ಸಹ ಪೈಲಟ್ ಮೂರು ಸಲ ಹೇಳಿದ್ದರು. ಕ್ಯಾಪ್ಟನ್ ಇಳಿಸುವುದನ್ನೇ ಮುಂದುವರಿಸಿದರು. ಅಷ್ಟು ದೊಡ್ಡ ದುಃಖದ ಪಕ್ಕದಲ್ಲಿ ನಮ್ಮ ಡೈರಿಯ ಫ್ಯಾಟಿನ ಲೆಕ್ಕ ಇಡುವುದು ಸರಿಯಾ ಅಂತ ನನಗೂ ಅನಿಸುತ್ತದೆ. ಆದರೆ ಆ ರಾತ್ರಿ ನಿದ್ದೆ ಬಾರದೆ ಮಲಗಿದ್ದಾಗ ನನಗೆ ನೆನಪಾದದ್ದು ಅದೇ. ಅಪಾಯ ಗೊತ್ತಿರುವವರು ಪಕ್ಕದಲ್ಲೇ ಇದ್ದರು, ಮಾತು ಬಾಯಿಂದ ಹೊರಗೂ ಬಂದಿತ್ತು, ಆದರೂ ಸಾಲಲಿಲ್ಲ. ನಮ್ಮಲ್ಲಿ ಆ ಮಾತು ಬಾಯಿಗೂ ಬರದ ಹಾಗೆ ಮಾಡಿದ್ದೆ ನಾನು.

ಮರುದಿನ ಗುಮಾಸ್ತೆ, ಯಂತ್ರ ಸರಿ ಮಾಡಿಸುವ, ಹೊರಗೆ ಹೇಳುವುದು ಬೇಡ, ಸುಮ್ನೆ ಗಲಾಟೆ ಆಗುತ್ತದೆ ಅಂದರು. ನಿರ್ದೇಶಕಿಯರಲ್ಲಿ ಅರ್ಧ ಜನಕ್ಕೂ ಅದೇ ಸರಿ ಅನಿಸಿತ್ತು. ಸಭೆ ಎರಡು ಗಂಟೆ ನಡೆಯಿತು. ಕೊನೆಗೆ, ಆ ದುಡ್ಡು ನಮ್ಮದಲ್ಲ, ವಾಪಸು ಕೊಡುವ ಅಂತ ತೀರ್ಮಾನ ಆಯಿತು. ಸರ್ವಿಸಿನವರು ಬಂದು ಯಂತ್ರ ಸರಿ ಮಾಡಿದರು. ಒಕ್ಕೂಟದ ಚೀಟಿಗೂ ನಮ್ಮ ಪುಸ್ತಕಕ್ಕೂ ಇದ್ದ ವ್ಯತ್ಯಾಸ ಹಿಡಿದು ಪ್ರತಿ ಮನೆಯ 11 ದಿನದ ಲೆಕ್ಕ ಹಾಕಿದೆವು. ಒಬ್ಬೊಬ್ಬರಿಗೆ 40 ರೂಪಾಯಿಯಿಂದ ಹಿಡಿದು 300ರವರೆಗೆ ಬಂತು. ದೊಡ್ಡ ದುಡ್ಡಲ್ಲ ಅನ್ನಬಹುದು. ಎರಡು ಲೀಟರ್ ಹಾಲು ಹಾಕಿ ಮನೆಯ ಗ್ಯಾಸಿಗೆ ಹೊಂದಿಸುವವರಿಗೆ 40 ರೂಪಾಯಿ ದೊಡ್ಡದೇ.

ಬಟವಾಡೆ ದಿನ ಬೆಳಿಗ್ಗೆ ಸಾಲಿನ ಎದುರು ನಿಂತು ಹೇಳಿದೆ. ಯಂತ್ರ ತಪ್ಪಿತ್ತು, ತಪ್ಪಲು ಕಾರಣ ದ್ರಾವಣ ತರಿಸದೆ ಇದ್ದದ್ದು, ಬೇಡ ಅಂದದ್ದು ನಾನು, ಹುಡುಗಿಯದ್ದು ಏನೂ ತಪ್ಪಿಲ್ಲ, ದುಡ್ಡು ಇವತ್ತೇ ಬಟವಾಡೆಯಲ್ಲಿ ಸೇರಿದೆ. ಯಾರೂ ಗಲಾಟೆ ಮಾಡಲಿಲ್ಲ. ಒಬ್ಬರು ಅಜ್ಜಿ ಮಾತ್ರ ಕ್ಯಾನ್ ಕೆಳಗಿಟ್ಟು ನನ್ನ ಹತ್ತಿರ ಬಂದು, "ನಂಗೆ ಮೊದ್ಲೇ ಗೊತ್ತಿತ್ತ್ ಮಗಾ. ನಿನ್ ಹತ್ರ ಹೇಳಿರೆ ನೀ ಹಸಿ ಹುಲ್ಲ್ ಅಂತೆ" ಅಂದು ಹೋದರು. ಬೈದಿದ್ದರೂ ಇಷ್ಟು ತಾಗುತ್ತಿರಲಿಲ್ಲ.

ಅಲ್ಲಿಂದ ನಾನು ಕಲಿಯಲು ಶುರು ಮಾಡಿದ್ದು. ಮೊದಲು ಬದಲಿಸಿದ್ದು ನಾನು ಕೇಳುವ ಪ್ರಶ್ನೆ. ದಿನಾ ಡೈರಿಗೆ ಹೋದ ಕೂಡಲೇ "ಎಲ್ಲ ಸರಿ ಉಂಟಲ್ವಾ?" ಅಂತ ಕೇಳುತ್ತಿದ್ದೆ. ಆ ಪ್ರಶ್ನೆಗೆ "ಉಂಟು" ಅನ್ನುವುದು ಬಿಟ್ಟು ಯಾರಾದರೂ ಬೇರೆ ಏನು ಹೇಳಲು ಸಾಧ್ಯ? ಈಗ ಸಂಜೆ ಸಾಲು ಮುಗಿದ ಮೇಲೆ ಹುಡುಗಿಯ ಪಕ್ಕದ ಬೆಂಚಿನಲ್ಲಿ ಹತ್ತು ನಿಮಿಷ ಕೂರುತ್ತೇನೆ. "ಇವತ್ತು ಯಾವುದು ಸರಿ ಇರಲಿಲ್ಲ?" ಅಂತ ಕೇಳುತ್ತೇನೆ. ಮೊದಲ ನಾಲ್ಕು ದಿನ ಅವಳು ಏನೂ ಇಲ್ಲ ಅಂದಳು. ಐದನೆಯ ದಿನ, ತುಂಬಾ ಸಣ್ಣ ದನಿಯಲ್ಲಿ, ತೂಕದ ಯಂತ್ರದ ಒಂದು ಕಾಲು ಅಲ್ಲಾಡುತ್ತದೆ ಅಕ್ಕ ಅಂದಳು. ನಾನು ಯಾಕೆ, ಯಾವಾಗಿಂದ, ಯಾರು ಬೀಳಿಸಿದ್ದು ಅಂತ ಏನೂ ಕೇಳಲಿಲ್ಲ. ಮರುದಿನ ಬೆಳಿಗ್ಗೆ ಸರಿ ಮಾಡಿಸಿದೆ, ಇವಳು ಹೇಳಿದ್ದರಿಂದ ಗೊತ್ತಾಯಿತು ಅಂತ ಸಾಲಿನವರ ಎದುರೇ ಹೇಳಿದೆ. ಅದು ಹೇಳಿ ಎರಡು ದಿನಕ್ಕೆ ಅವಳು ಮೂರು ವಿಷಯ ತಂದಳು. ಮೊದಲು ಬರುವ ಸಣ್ಣ ಸುದ್ದಿಯನ್ನು ನಾವು ಹೇಗೆ ತೆಗೆದುಕೊಳ್ಳುತ್ತೇವೆ ಅಂತ ನೋಡಿಯೇ ಜನ ದೊಡ್ಡದನ್ನು ತರುವುದು ಅಂತ ನನಗೆ ಗೊತ್ತಾದದ್ದು ಆಗ.

ಇನ್ನೊಂದು, ವಾರಕ್ಕೊಮ್ಮೆ ನಮ್ಮ ಮನೆಯ ಹಾಲನ್ನು ಯಂತ್ರದಲ್ಲೂ ಗರ್ಬರಿನಲ್ಲೂ ಎಲ್ಲರ ಎದುರು ನೋಡುತ್ತೇವೆ. ಯಾರು ಬೇಕಾದರೂ ಗೆರೆ ಎಣಿಸಬಹುದು.

ಎಲ್ಲ ಒಂದೇ ಸಲ ಸರಿಯಾಯಿತು ಅಂತ ಅಲ್ಲ. ಚೌತಿಯ ಹಿಂದಿನ ದಿನ ಒಂದು ಕ್ಯಾನ್ ಹಾಲು ಪೂರ್ತಿ ಚೆಲ್ಲಿಹೋಯಿತು. ನಾನು ಹಳೆಯ ಹಾಗೇ ಕಿರುಚಿದೆ. ಆಮೇಲೆ ಎಂಟು ದಿನ ಬೆಂಚಿನಲ್ಲಿ ಕೂತು ಕೇಳಿದರೆ ಬರೀ "ಏನಿಲ್ಲ ಅಕ್ಕ". ಅಷ್ಟು ದಿನ ಕಟ್ಟಿದ್ದನ್ನು ನಾನು ಎರಡು ನಿಮಿಷದಲ್ಲಿ ಬೀಳಿಸಿದ್ದೆ. ಒಳಗೆ ಕರೆದು ತಪ್ಪಾಯಿತು ಅಂದರೆ ಸಾಲದು ಅನಿಸಿತು. ಕಿರುಚಿದ್ದು ಎಲ್ಲರ ಎದುರು, ಹಾಗಾಗಿ ತಪ್ಪಾಯಿತು ಅಂತ ಹೇಳಿದ್ದೂ ಎಲ್ಲರ ಎದುರೇ.

ಮಗಳು ಮಣಿಪಾಲದಲ್ಲಿ ನರ್ಸಿಂಗ್ ಓದುತ್ತಾಳೆ. ಇದನ್ನೆಲ್ಲ ಹೇಳಿದಾಗ ಅವಳು ಪಾಠದಲ್ಲಿ ಕೇಳಿದ್ದೊಂದು ಹೇಳಿದಳು. ಅಮೆರಿಕದ ಹಾರ್ವರ್ಡಿನ ಏಮಿ ಎಡ್ಮಂಡ್ಸನ್ ಅನ್ನುವವರು 1990ರ ದಶಕದಲ್ಲಿ ಆಸ್ಪತ್ರೆಯ ತಂಡಗಳನ್ನು ನೋಡಿದರಂತೆ. ಒಳ್ಳೆಯ ತಂಡದಲ್ಲಿ ಔಷಧಿ ಕೊಡುವ ತಪ್ಪು ಕಡಿಮೆ ಇರಬೇಕು ಅಂತ ಅವರ ಲೆಕ್ಕ. ದಾಖಲೆ ನೋಡಿದರೆ ಒಳ್ಳೆಯ ತಂಡಗಳಲ್ಲೇ ತಪ್ಪು ಜಾಸ್ತಿ ಇತ್ತು. ಹುಡುಕುತ್ತಾ ಹೋದಾಗ ಕಂಡದ್ದು, ಆ ತಂಡಗಳಲ್ಲಿ ನರ್ಸುಗಳು ತಪ್ಪಾದರೆ ಹೆದರದೆ ಹೇಳುತ್ತಿದ್ದರು, ಉಳಿದ ಕಡೆ ಮುಚ್ಚಿಡುತ್ತಿದ್ದರು. ಇದನ್ನು ಕೇಳಿದ ಮೇಲೆ ನಾನು ಡೈರಿಯ ದೂರಿನ ಪುಸ್ತಕವನ್ನು ನೋಡುವ ರೀತಿಯೇ ಬೇರೆಯಾಯಿತು. ಮೊದಲು ಪುಸ್ತಕ ಖಾಲಿ ಇದ್ದರೆ ಖುಷಿ ಆಗುತ್ತಿತ್ತು. ಈಗ ಒಂದು ವಾರ ಖಾಲಿ ಇದ್ದರೆ ನನಗೆ ಕಳವಳ.

ನನಗೆ ನಿಜವಾದ ಪರೀಕ್ಷೆ ಬಂದದ್ದು ಹೋದ ವರ್ಷ. ಒಂದು ಸಂಜೆ ಹುಡುಗಿ ಬೆಂಚಿನಲ್ಲಿ ಸ್ವಲ್ಪ ಹೊತ್ತು ಸುಮ್ಮನೆ ಕೂತಿದ್ದು, ನನ್ನ ಓರಗಿತ್ತಿಯ ಹಾಲಿನ ಎಸ್‌ಎನ್‌ಎಫ್ ನಾಲ್ಕು ದಿನದಿಂದ ಇಳಿಯುತ್ತಿದೆ, 8.4 ಇದ್ದದ್ದು 7.7 ಆಗಿದೆ ಅಂದಳು. ಕೊಬ್ಬು ಬಿಟ್ಟು ಹಾಲಿನಲ್ಲಿರುವ ಗಟ್ಟಿ ಅಂಶವೇ ಎಸ್‌ಎನ್‌ಎಫ್. ಅದು ಇಳಿಯಿತು ಅಂದರೆ ಯಾರಿಗಾದರೂ ಮೊದಲು ಬರುವ ಅನುಮಾನ ನೀರು. ಅಧ್ಯಕ್ಷೆಯ ಓರಗಿತ್ತಿ ಹಾಲಿಗೆ ನೀರು ಹಾಕುತ್ತಾಳೆ ಅನ್ನುವ ಅನುಮಾನವನ್ನು ಅಧ್ಯಕ್ಷೆಗೇ ಹೇಳುವುದು ಸಣ್ಣ ಧೈರ್ಯವಾ? ಎರಡು ವರ್ಷದ ಹಿಂದೆ ಯಂತ್ರ ಕೆಟ್ಟಿದೆ ಅನ್ನಲು ಹೆದರಿದ ಹುಡುಗಿ ಅವಳು. ನನ್ನ ಎದೆ ತುಂಬಿ ಬಂತು. ಹೊಟ್ಟೆಯೊಳಗೆ ಸಂಕಟವೂ ಆಯಿತು.

ಮರುದಿನ ಬೆಳಿಗ್ಗೆ ಐದು ಗಂಟೆಗೆ ನಾವಿಬ್ಬರೂ ಓರಗಿತ್ತಿಯ ಹಟ್ಟಿಗೆ ಹೋದೆವು. ಬೇರೆ ಯಾರದ್ದಾದರೂ ಹಾಗೇ ಮಾಡುತ್ತೇವೆ, ಎದುರಿಗೇ ಕರೆಸಿ ಸ್ಯಾಂಪಲ್ ತೆಗೆಯುವುದು. ಓರಗಿತ್ತಿಗೆ ಅರ್ಥ ಆಗಲು ಹೊತ್ತು ಬೇಕಾಗಲಿಲ್ಲ. ಮುಖ ಗಂಟಿಕ್ಕಿ, ಒಂದೂ ಮಾತಾಡದೆ ಕರೆದು ಕೊಟ್ಟಳು. ತಂದು ನೋಡಿದರೆ ಅದರಲ್ಲೂ 7.7. ನೀರಿಲ್ಲ. ಹಾಗಾದರೆ ದನಕ್ಕೇ ಏನೋ ಆಗಿದೆ. ಪಶುವೈದ್ಯರು ಬಂದು ನಾಲ್ಕು ಮೊಲೆಯ ಹಾಲನ್ನೂ ಬೇರೆ ಬೇರೆ ತೆಗೆದು ದ್ರಾವಣ ಬೆರೆಸಿ ಅಲ್ಲಾಡಿಸಿದರು. ಮೂರು ನೀರಿನ ಹಾಗೇ ಇದ್ದವು. ಒಂದು ಲೋಳೆಯಾಗಿ ಗಟ್ಟಿಯಾಯಿತು. ಕೆಚ್ಚಲು ಬಾವು, ಹೊರಗೆ ಕಾಣುವ ಮೊದಲಿನ ಹಂತ. ಬಾವು ಬಂದು ಹಾಲು ಹರಳುಗಟ್ಟುವವರೆಗೆ ಕಾದಿದ್ದರೆ ಆ ಮೊಲೆಯೇ ಹೋಗುತ್ತಿತ್ತೇನೋ. ಚಿಕಿತ್ಸೆ ಆಯಿತು, ಗುಣವಾಗುವವರೆಗೆ ಆ ಹಾಲನ್ನು ಡೈರಿಗೆ ಹಾಕಲಿಲ್ಲ. ದನ ಹುಷಾರಾಯಿತು.

ಓರಗಿತ್ತಿ ಮಾತ್ರ ದೀಪಾವಳಿಯವರೆಗೆ ನನ್ನ ಹತ್ತಿರ ಮಾತಾಡಲಿಲ್ಲ. ನಾನೇ ಮನೆಗೆ ಹೋದೆ, ಗೋಪೂಜೆಯ ದಿನ. ಆ ದನಕ್ಕೆ ಹೂ ಹಾಕಿದೆವು. ಈಗ ಮಾತಾಡುತ್ತಾಳೆ, ಮೊದಲಿನಷ್ಟು ಅಲ್ಲ.

ಗಟ್ಟಿ ಮಾತೇ ಬೇಡ ಅಂತ ನಾನು ಹೇಳುತ್ತಿಲ್ಲ. ಮೋರಿ ಕುಸಿದಾಗ, ಕರೆಂಟು ವಾರಗಟ್ಟಲೆ ಕೈಕೊಟ್ಟಾಗ ಹೊರಗೆ ಹೋಗಿ ಜೋರಾಗಿ ಕೇಳಬೇಕು, ಈಗಲೂ ಕೇಳುತ್ತೇನೆ. ಆ ದನಿಯನ್ನು ಹೊರಗೆ ಬಿಟ್ಟು ಡೈರಿಯ ಒಳಗೆ ಬರುವುದನ್ನು ಮಾತ್ರ ಅಭ್ಯಾಸ ಮಾಡಿಕೊಳ್ಳಬೇಕಾಯಿತು.

ಮುಂದಿನ ವರ್ಷ ನಮ್ಮ ಅವಧಿ ಮುಗಿಯುತ್ತದೆ. ಮುಂದೆ ಯಾರು ಅಂತ ಈಗಲೇ ಮಾತು ಶುರುವಾಗಿದೆ, ಚೆನ್ನಾಗಿ ಮಾತಾಡುವ ಇಬ್ಬರ ಹೆಸರೂ ಕೇಳಿಬರುತ್ತಿದೆ. ನನ್ನ ಕಣ್ಣು ಬೇರೆ ಒಬ್ಬರ ಮೇಲಿದೆ. ನಮ್ಮ ನಿರ್ದೇಶಕಿಯೇ, ಸಭೆಯಲ್ಲಿ ಬಾಯಿ ಬಿಡುವುದೇ ಕಡಿಮೆ. ಆದರೆ ಹಾಲು ಹಾಕಿ ಹೊರಗೆ ಬಂದ ಹೆಂಗಸರು ಚಪ್ಪಲಿ ಹಾಕಿಕೊಳ್ಳುತ್ತಾ ಅವರ ಹತ್ತಿರ ನಿಲ್ಲುತ್ತಾರೆ. ದನ ಗಬ್ಬ ನಿಲ್ಲದ್ದು, ಹಿಂಡಿಯ ಚೀಲದಲ್ಲಿ ತೂಕ ಕಡಿಮೆ ಬಂದದ್ದು, ಮನೆಯಲ್ಲಿ ಗಂಡ ಡೈರಿ ದುಡ್ಡು ಕೇಳುವುದು, ಎಲ್ಲ ಅವರಿಗೆ ಹೇಳಿಯೇ ಹೋಗುತ್ತಾರೆ. ಅವರು ಕೈಯಲ್ಲಿದ್ದ ಕ್ಯಾನನ್ನು ಕೆಳಗಿಟ್ಟು ಪೂರ್ತಿ ಕೇಳುತ್ತಾರೆ.

ಮೊನ್ನೆ ಅವರ ಹತ್ತಿರ ವಿಷಯ ತೆಗೆದೆ. "ನಂಗೆ ನಿಮ್ಮ ಹಾಂಗೆ ಮಾತಾಡೂಕೆ ಬತ್ತಿಲ್ಲ ಮಾರಾಯ್ತಿ" ಅಂದರು. ಇನ್ನೊಮ್ಮೆ ಕೇಳಬೇಕು.